ಎರಡು ಗುಂಡಿಯ ಕಕ್ಕಸು: ಕಟ್ಟಿಕೊಟ್ಟವರು ಹೇಳದೆ ಬಿಟ್ಟದ್ದು

ಆಂಧ್ರದ ಮಡಕಶಿರಾ ಸೀಮೆಯ ರತ್ನಗಿರಿ, ರೊಳ್ಳ, ಅಗಳಿಯಂಥ ಊರುಗಳಲ್ಲಿ ಕಕ್ಕಸು ಇರುವ ಮನೆ ಈಗ ಅಪರೂಪವಲ್ಲ. ಅದು ಕೆಟ್ಟಾಗ ಏನು ಮಾಡಬೇಕೆಂದು ಬಲ್ಲ ಮನೆ ಅಪರೂಪ. ನೀರು ಇಳಿಯದಿದ್ದರೆ ಆಸಿಡ್ ಸುರಿಯುತ್ತಾರೆ, ಕೋಲು ತುರುಕುತ್ತಾರೆ, ಕೊನೆಗೆ ಸಕ್ಕಿಂಗ್ ಗಾಡಿಗೆ ಫೋನು ಮಾಡುತ್ತಾರೆ. ಅದಕ್ಕೂ ದುಡ್ಡಿಲ್ಲದವರು ಆ ಕೋಣೆಯಲ್ಲಿ ಸೌದೆ ಒಟ್ಟಿ ಮತ್ತೆ ಬಯಲ ದಾರಿ ಹಿಡಿಯುತ್ತಾರೆ. ಇದನ್ನು ಜನರ ಅಸಡ್ಡೆ ಎಂದು ತಳ್ಳಿಹಾಕುವ ಮಾತು ನನಗೆ ಒಪ್ಪಿಗೆಯಿಲ್ಲ. ಎರಡು ಗುಂಡಿಯ ಮಾದರಿ ಒಳ್ಳೆಯದು, ಜನರ ಕೈಗೆ ಅದನ್ನು ಒಪ್ಪಿಸಿದ ರೀತಿ ಮಾತ್ರ ಕೆಟ್ಟದ್ದು.

2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಯೋಜನೆ ಮನೆಯೊಂದಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಇಟ್ಟು, ಹಳ್ಳಿಗಳಿಗೆ ಎರಡು ಗುಂಡಿಯ ಮಾದರಿಯನ್ನೇ ಮುಂದಿಟ್ಟಿತು. ಬಿಂದೇಶ್ವರ ಪಾಠಕ್ 1970ರಲ್ಲಿ ಕಟ್ಟಿದ ಸುಲಭ್ ಸಂಸ್ಥೆ ಅದಕ್ಕೂ ಎಷ್ಟೋ ಮೊದಲೇ ಇದನ್ನು ದೇಶಕ್ಕೆಲ್ಲ ಹಬ್ಬಿಸಿತ್ತು. ಬೇಸಿನ್ನಿನ ಇಳಿಜಾರು ಕಡಿದು. ಕೆಳಗಿನ ಬಾಗಿದ ಪೈಪಿನಲ್ಲಿ, ಅಂದರೆ ಟ್ರ್ಯಾಪಿನಲ್ಲಿ, ನಿಲ್ಲುವ 20 ಮಿಲಿಮೀಟರ್ ನೀರೇ ವಾಸನೆಗೆ ತಡೆ. ಒಂದೂವರೆ, ಎರಡು ಲೀಟರ್ ನೀರು ಸುರಿದರೆ ಸಾಕು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಹಳೆಯ ಅನಂತಪುರ ಜಿಲ್ಲೆಯ ಈ ನೆಲಕ್ಕೆ ಇದಕ್ಕಿಂತ ಹೊಂದುವ ಮಾದರಿ ಇಲ್ಲ. ಪೈಪು ಎರಡು ಗುಂಡಿಗೆ ಕವಲಾಗುವ ಚೇಂಬರಿನಲ್ಲಿ ಒಂದು ಬಾಯಿ ಮುಚ್ಚಿ ಒಂದು ಗುಂಡಿಯನ್ನಷ್ಟೇ ಬಳಸಬೇಕು. ಅದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

ಇಷ್ಟು ಸರಳವಾದ ಏರ್ಪಾಟಿನಲ್ಲಿ ತೊಂದರೆ ಪತ್ತೆಮಾಡುವುದೂ ಸರಳವೇ, ಆದರೆ ಅದಕ್ಕೊಂದು ಕ್ರಮ ಇದೆ. ನೀರು ಬೇಸಿನ್ನಿನಲ್ಲೇ ನಿಂತರೆ ಮೊದಲು ಚೇಂಬರಿನ ಮುಚ್ಚಳ ಎತ್ತಿ ನೋಡಬೇಕು. ಚೇಂಬರು ಒಣಗಿದ್ದರೆ ಅಡಚಣೆ ಇರುವುದು ಟ್ರ್ಯಾಪಿನಲ್ಲಿ, ಇಲ್ಲವೇ ಅಲ್ಲಿಂದ ಚೇಂಬರಿಗೆ ಬರುವ ಪೈಪಿನಲ್ಲಿ. ಬಟ್ಟೆ ಚೂರು, ಪ್ಯಾಡು, ಶಾಂಪೂ ಸ್ಯಾಚೆ, ಮಕ್ಕಳು ಹಾಕಿದ ಕಲ್ಲು, ಇವೇ ಸಾಮಾನ್ಯ ಕಾರಣ. ಬಾಗುವ ಬಿದಿರಿನ ಸೀಳು ತೂರಿಸಿ, ಒಂದು ಬಕೆಟ್ ನೀರನ್ನು ಒಮ್ಮೆಲೇ ಎತ್ತರದಿಂದ ಸುರಿದರೆ ಬಹಳಷ್ಟು ಸಲ ಬಿಟ್ಟುಕೊಳ್ಳುತ್ತದೆ. ಚೇಂಬರು ತುಂಬಿ ನಿಂತಿದ್ದರೆ ತೊಂದರೆ ಅದರಾಚೆ. ಆಗ ಗುಂಡಿಯ ಮುಚ್ಚಳ ಸರಿಸಿ, ಗಾಳಿಯಾಡಲು ಬಿಟ್ಟು, ಬೀಡಿ ಬೆಂಕಿ ದೂರವಿಟ್ಟು, ನಿಂತಲ್ಲಿಂದಲೇ ನೋಡಬೇಕು. ಒಳಕ್ಕೆ ಯಾರೂ ಇಳಿಯಕೂಡದು. ನೀರು ಪೈಪಿನ ಬಾಯಿಗಿಂತ ಕೆಳಗಿದ್ದರೆ ಪೈಪು ಕಟ್ಟಿದೆ, ಬಾಯಿ ಮುಳುಗಿದ್ದರೆ ಗುಂಡಿ ತುಂಬಿದೆ. ಎರಡು ಮುಚ್ಚಳ ಎತ್ತಿದರೆ ತಿಳಿಯುವ ಸಂಗತಿ ಇದು. ಆಸಿಡ್ ಸುರಿದರೆ ಸಿಮೆಂಟಿನ ಜಾಯಿಂಟು ಸವೆಯುತ್ತದೆ, ಮಲವನ್ನು ಮಣ್ಣು ಮಾಡುವ ಜೀವಾಣುಗಳು ಸಾಯುತ್ತವೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರಂತೂ ಸಣ್ಣ ಕೋಣೆಯ ತುಂಬ ಕ್ಲೋರಿನ್ ವಿಷಗಾಳಿ ಏಳುತ್ತದೆ.

ಇಂಥ ದುರಸ್ತಿಯನ್ನು ಬಳಸುವವರೇ ಮಾಡಿಕೊಳ್ಳಬಲ್ಲರು ಎಂಬುದಕ್ಕೆ ಒಂದು ಹೋಲಿಕೆ: ಸಮುದ್ರಯಾನದ ಸಣ್ಣ ದೋಣಿಗಳಲ್ಲಿ ಕೈಪಂಪಿನ ಶೌಚಾಲಯ ಇರುತ್ತದೆ. ನಡುನೀರಿಗೆ ಯಾವ ಗಾಡಿಯೂ ಬರುವುದಿಲ್ಲವಾದ್ದರಿಂದ ಅದರ ಪಿಸ್ಟನ್ನು, ರಬ್ಬರ್ ವಾಲ್ವು, ಉಪ್ಪುನೀರಿಗೆ ಪೈಪಿನಲ್ಲಿ ಕಟ್ಟುವ ಸುಣ್ಣದ ಪದರ, ಎಲ್ಲವನ್ನೂ ದೋಣಿಯವರೇ ಬಿಚ್ಚಿ ತಿದ್ದುತ್ತಾರೆ. ಬಿಡಿಭಾಗದ ಪೊಟ್ಟಣ, ಚಿತ್ರವಿರುವ ಕೈಪಿಡಿ ಜೊತೆಗೇ ಇರುತ್ತವೆ. ನಮ್ಮ ಹಳ್ಳಿಯ ಮನೆಗೆ ಅಂಥ ಒಂದು ಹಾಳೆಯೂ ಸಿಗಲಿಲ್ಲ. ಈ ಸೀಮೆಯಲ್ಲಿ ಕಷ್ಟ ಇನ್ನೊಂದು ಸುತ್ತು ಹೆಚ್ಚು: ಸರ್ಕಾರಿ ಕಾಗದ ತೆಲುಗಿನಲ್ಲಿ ಬರುತ್ತದೆ, ಮನೆಮಾತು ಕನ್ನಡ.

ಕಟ್ಟುವಾಗಲೇ ಆದ ತಪ್ಪುಗಳು ಬೇರೆ. ಬಚ್ಚಲ ನೀರನ್ನೂ ಗುಂಡಿಗೆ ಬಿಟ್ಟರೆ ಅದು ವರ್ಷಗಳ ಬದಲು ತಿಂಗಳುಗಳಲ್ಲೇ ತುಂಬುತ್ತದೆ. ಇಟ್ಟಿಗೆಯ ನಡುವೆ ಸಂದು ಬಿಡಬೇಕಾದ ಗೋಡೆಗೆ ಒಳ್ಳೆಯ ಕೆಲಸವೆಂದು ನಂಬಿ ಗಾರೆ ಮೆತ್ತಿದರೆ ನೀರು ಇಂಗಲು ದಾರಿಯೇ ಉಳಿಯದು. ಈ ಮಾದರಿಯಲ್ಲಿ ಗುಂಡಿಯ ಗಾಳಿಯನ್ನು ಮಣ್ಣೇ ಹೀರುವುದರಿಂದ ಎತ್ತರದ ಗಾಳಿ ಪೈಪು ಹಾಕುವುದೂ ಬೇಡದ ಕೆಲಸ. ರತ್ನಗಿರಿಯ ಕೋಟೆಗುಡ್ಡದ ಸುತ್ತಿನಂತೆ ಬಂಡೆ ಮೇಲೇ ಇರುವ ಕಡೆ, ಅಗಲವಾದ, ಆಳ ಕಡಿಮೆಯ ಗುಂಡಿಯನ್ನು ನೆಲಮಟ್ಟಕ್ಕಿಂತ ಏರಿಸಿ ಸುತ್ತ ಮಣ್ಣು ಕೊಡಬೇಕಿತ್ತು. ಎಲ್ಲ ನೆಲಕ್ಕೂ ಒಂದೇ ನಕ್ಷೆ ಹಿಡಿದದ್ದು ಯೋಜನೆಯ ದೊಡ್ಡ ದೋಷ.

ಅದಕ್ಕಿಂತ ದೊಡ್ಡದು ಚೇಂಬರಿನ ದೋಷ. ಎರಡೂ ಬಾಯಿ ತೆರೆದಿಟ್ಟರೆ ಎರಡು ಗುಂಡಿಯೂ ಒಟ್ಟಿಗೇ ತುಂಬುತ್ತವೆ, ಮಾಗಲು ಯಾವುದಕ್ಕೂ ಬಿಡುವಿರುವುದಿಲ್ಲ. ಆಗ ಹಸಿ ಮಲವನ್ನೇ ತೆಗೆಯಬೇಕು. ಯಾರು ತೆಗೆಯುತ್ತಾರೆ? ಉತ್ತರ ನಮಗೆಲ್ಲ ಗೊತ್ತು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲೇ ಹೋರಾಡಿದರು. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಬದುಕೆಲ್ಲ ಅದಕ್ಕಾಗಿಯೇ ದುಡಿದು 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. 2013ರ ಕಾಯ್ದೆ ಮಲ ಹೊರಿಸುವುದನ್ನು ಅಪರಾಧವೆಂದು ಸಾರಿತು. ಮುಚ್ಚದೆ ಬಿಟ್ಟ ಒಂದು ಬಾಯಿ ಆ ಕೆಲಸವನ್ನು ಹಿತ್ತಲ ಬಾಗಿಲಿಂದ ಮತ್ತೆ ಕರೆತರುತ್ತದೆ.

2017ರ ಫೆಬ್ರವರಿಯಲ್ಲಿ ವಾರಂಗಲ್ ಜಿಲ್ಲೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕುಡಿಯುವ ನೀರು, ನೈರ್ಮಲ್ಯ ಖಾತೆಯ ಕಾರ್ಯದರ್ಶಿಯಾಗಿದ್ದ ಪರಮೇಶ್ವರನ್ ಅಯ್ಯರ್ ಹಾಗೂ ಹಲವು ರಾಜ್ಯಗಳ ಅಧಿಕಾರಿಗಳು ಮಾಗಿದ ಗುಂಡಿಯ ಗೊಬ್ಬರವನ್ನು ತಾವೇ ತೆಗೆದರು. ಸ್ವಚ್ಛ ಭಾರತದ ಇಡೀ ಯೋಜನೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸಿದ ಕೆಲಸ ಅದು. ಆದರೆ ಮಾಗಿದ ಗುಂಡಿಯಲ್ಲಿ ಅಸಹ್ಯಪಡುವಂಥದ್ದೇನೂ ಇಲ್ಲ ಎಂಬ ಆ ಪಾಠ ಪತ್ರಿಕೆಯ ಫೋಟೋ ಆದಷ್ಟು ಸುಲಭವಾಗಿ ಮನೆಮನೆಯ ಹಿತ್ತಲಿಗೆ ಬರಲಿಲ್ಲ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಹಿತ್ತಲಲ್ಲಿ ಎರಡು ಗುಂಡಿ ಇದ್ದರೆ ಇವತ್ತೇ ಚೇಂಬರು ತೆರೆದು ನೋಡಿ. ಎರಡೂ ಬಾಯಿ ತೆರೆದಿದ್ದರೆ ಒಂದನ್ನು ಇಟ್ಟಿಗೆ, ಮಣ್ಣಿನಿಂದ ಮುಚ್ಚಿ. ಯಾವ ಗುಂಡಿ ಯಾವ ತಿಂಗಳಿಂದ ಬಳಕೆಯಲ್ಲಿದೆ ಎಂದು ಗೋಡೆಯ ಮೇಲೆ ಬಣ್ಣದಲ್ಲಿ, ಕನ್ನಡದಲ್ಲಿ ಬರೆಯಿರಿ. ಹೊಸದಾಗಿ ಕಟ್ಟಿಸುವವರು ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಅವನ ಕೈಯಲ್ಲೇ ಎರಡೂ ಮುಚ್ಚಳ ಎತ್ತಿಸಿ, ಗುಂಡಿ ಬದಲಿಸುವುದನ್ನು ಮನೆಯ ಹೆಂಗಸರಿಗೂ ಗಂಡಸರಿಗೂ ತೋರಿಸಲು ಹೇಳಿ.