ಲಗೊಂಡಾದ ಅಡಿಗೆ ಬಗ್ಗಿ ನೋಡಿ

ಇಂದು ಬ್ರಿಟನ್ನಿನ ಪ್ರಿನ್ಸ್ ಫಿಲಿಪ್ ಅವರ 3 ಲೀಟರ್ ಲಗೊಂಡಾ ಕಾರಿನ ಕುರಿತು ಬರೆಯಬೇಕಿತ್ತು. ರೇಡಿಯೊ ಟೆಲಿಫೋನ್ ಕೂರಿಸಿದ್ದ, ಮಡಚುವ ಛಾವಣಿಯ ಆ ಹಸಿರು ಡ್ರಾಪ್‌ಹೆಡ್‌ನ ಕತೆಯನ್ನು ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಅದರ ಅಕ್ಕನನ್ನು, 1948ರ 2.6 ಲೀಟರ್ ಕಾರನ್ನು, ಯಾರೂ ಕೇಳುವುದಿಲ್ಲ. ನನ್ನ ಮನಸ್ಸು ಅಲ್ಲೇ ನಿಂತಿದೆ.

ಜಾಗ್ವಾರ್ ಬಳಗದವರ ಹಳೆಯ ವಾದ ನಿಮಗೆ ಗೊತ್ತೇ ಇದೆ: ಒಂದು ಲಗೊಂಡಾದ ದುಡ್ಡಿಗೆ ಎರಡು ಎಕ್ಸ್‌ಕೆ 120 ಬರುತ್ತಿದ್ದವಲ್ಲ, 105 ಅಶ್ವಶಕ್ತಿಗೆ ಅಷ್ಟು ಬೆಲೆಯೇ? ಬೆಲೆಯಲ್ಲಿ ತೆರಿಗೆಯ ಪಾಲೆಷ್ಟು ಎಂದು ಇವರು ಹೇಳುವುದಿಲ್ಲ. ಸಾವಿರ ಪೌಂಡ್ ದಾಟಿದ ಕಾರಿನ ಮೇಲೆ ಆಗ ಬ್ರಿಟಿಷ್ ಸರ್ಕಾರ ಮೂರನೇ ಎರಡರಷ್ಟು ಖರೀದಿ ತೆರಿಗೆ ಹೇರಿತ್ತು. ಜಾಗ್ವಾರ್ ಆ ಗೆರೆಯ ಈಚೆಗೇ ನಿಂತಿತು, ಲಗೊಂಡಾಕ್ಕೆ ಅದು ಸಾಧ್ಯವಿರಲಿಲ್ಲ. ಯಾಕೆಂದು ತಿಳಿಯಲು ಕಾರಿನ ಅಡಿಗೆ ಬಗ್ಗಿ ನೋಡಬೇಕು.

ಛಾವಣಿ ಕತ್ತರಿಸಿದ ಕಾರು ಮುಚ್ಚಳ ಕಿತ್ತ ರಟ್ಟಿನ ಪೆಟ್ಟಿಗೆಯ ಹಾಗೆ ತಿರುಚಿಕೊಳ್ಳುತ್ತದೆ. ಹಳ್ಳಕ್ಕೆ ಇಳಿದು ಹತ್ತಿದರೆ ವಿಂಡ್‌ಸ್ಕ್ರೀನ್ ನಡುಗುತ್ತದೆ, ಬಾಗಿಲು ಕಿರುಗುಟ್ಟುತ್ತದೆ. ಡಬ್ಲ್ಯು. ಓ. ಬೆಂಟ್ಲಿಯ ತಂಡ ಅದನ್ನು ತಡೆಯಲು ಲಗೊಂಡಾಕ್ಕೆ ಎಕ್ಸ್ ಆಕಾರದ ಗಟ್ಟಿ ಷಾಸಿ ಕೊಟ್ಟಿತು. ನಾಲ್ಕು ಚಕ್ರಗಳಿಗೂ ಸ್ವತಂತ್ರ ಸಸ್ಪೆನ್ಷನ್. ಹಿಂದೆ ಟಾರ್ಷನ್ ಬಾರ್. ಹಿಂದಿನ ಬ್ರೇಕ್ ಡ್ರಮ್‌ಗಳನ್ನು ಚಕ್ರದಿಂದ ಬಿಡಿಸಿ ಒಳಗೆ, ಡಿಫರೆನ್ಷಿಯಲ್ ಪಕ್ಕಕ್ಕೆ ತಂದರು. ಚಕ್ರದ ಜೊತೆ ಏರಿಳಿಯುವ ತೂಕ ಕಡಿಮೆಯಾದಷ್ಟೂ ಟೈರು ನೆಲವನ್ನು ಬಿಡುವುದಿಲ್ಲ, ಕೂತವರಿಗೆ ಏಟೂ ತಟ್ಟುವುದಿಲ್ಲ. ಅದೇ ಕಾಲದ ಬೆಂಟ್ಲಿ ಮಾರ್ಕ್ 6 ಹಿಂದುಗಡೆ ಲೀಫ್ ಸ್ಪ್ರಿಂಗಿನ ಮೇಲೆ ಕೂತಿತ್ತು. ಎಕ್ಸ್‌ಕೆ 120 ಕೂಡ. ಲಗೊಂಡಾದ ಈ ಷಾಸಿ ಅಗ್ಗಕ್ಕೆ ಆಗುವ ಕೆಲಸವಾಗಿರಲಿಲ್ಲ.

ಬೆಂಟ್ಲಿ ಎಂಬ ಹೆಸರು ಆ ಹೊತ್ತಿಗೆ ಬೆಂಟ್ಲಿಯದಾಗಿರಲಿಲ್ಲ. ಡಬ್ಲ್ಯು. ಓ. ಕಟ್ಟಿದ್ದ ಬೆಂಟ್ಲಿ ಕಂಪನಿ 1931ರಲ್ಲೇ ರೋಲ್ಸ್-ರಾಯ್ಸ್ ಪಾಲಾಗಿತ್ತು. ಅವರು 1935ರಲ್ಲಿ ಅಲ್ಲಿಂದ ಹೊರಬಂದು ಲಗೊಂಡಾ ಕಂಪನಿ ಸೇರಿದ್ದರು. ಯುದ್ಧಾನಂತರದ ಹೊಸ ಕಾರಿಗೆ 'ಲಗೊಂಡಾ-ಬೆಂಟ್ಲಿ' ಎಂದು ಹೆಸರಿಡಹೊರಟಾಗ ರೋಲ್ಸ್-ರಾಯ್ಸ್ ಕೋರ್ಟಿಗೆ ಹೋಗಿ ತಡೆಯಿತು. ತನ್ನದೇ ಹೆಸರನ್ನು ತನ್ನದೇ ಕಾರಿಗೆ ಇಡಲು ಆ ಮನುಷ್ಯನಿಗೆ ಹಕ್ಕಿಲ್ಲದೆ ಹೋಯಿತು. ಕಾನೂನು ಏನೇ ಹೇಳಲಿ, ನಾನದನ್ನು ಅನ್ಯಾಯವೆಂದೇ ಕರೆಯುತ್ತೇನೆ. ಯುದ್ಧ ಮುಗಿದ ಆ ದಿನಗಳಲ್ಲಿ ಲಗೊಂಡಾಕ್ಕೆ ಉಕ್ಕಿಗೂ ಬರ, ದುಡ್ಡಿಗೂ ಬರ. 1947ರಲ್ಲಿ ಉದ್ಯಮಿ ಡೇವಿಡ್ ಬ್ರೌನ್ ಕಂಪನಿಯನ್ನು ಕೊಳ್ಳದಿದ್ದರೆ ಆ ವಿನ್ಯಾಸ ಮೂಲೆಯಲ್ಲೇ ಕೊಳೆಯುತ್ತಿತ್ತು.

ಬ್ರೌನ್‌ಗೆ ಮುಖ್ಯವಾಗಿ ಬೇಕಾಗಿದ್ದದ್ದು ಎಂಜಿನ್. ಎರಡು ಓವರ್‌ಹೆಡ್ ಕ್ಯಾಮ್‌ಗಳ ಆರು ಸಿಲಿಂಡರಿನ ಆ 2580 ಸಿಸಿ ಎಂಜಿನನ್ನು ಆತ ತಾನೇ ಕೊಂಡಿದ್ದ ಆಸ್ಟನ್ ಮಾರ್ಟಿನ್‌ನ ಡಿಬಿ2ಗೆ ಹಾಕಿದ. ಕೀರ್ತಿಯೆಲ್ಲ ಅದಕ್ಕೇ ಸಂದಿತು. ಫ್ರಾಂಕ್ ಫೀಲಿ ರೂಪಿಸಿದ ಲಗೊಂಡಾ, ಸಲೂನ್ ಡ್ರಾಪ್‌ಹೆಡ್ ಸೇರಿ, ಐನೂರರ ಆಸುಪಾಸಿನಲ್ಲಿ ನಿಂತಿತು. ಮುಂದೆ ಡಿಬಿ2 ದುಬಾರಿಯಾದ ಮೇಲೆ ಆಸ್ಟನ್ ಪ್ರಿಯರು ಮಾಡಿದ್ದನ್ನು ನಾನು ಇಂದಿಗೂ ಕ್ಷಮಿಸಿಲ್ಲ: ಲಗೊಂಡಾಗಳನ್ನು ಅಗ್ಗಕ್ಕೆ ಕೊಂಡು, ಎಂಜಿನ್ ಕಿತ್ತು, ಸ್ವತಂತ್ರ ಸಸ್ಪೆನ್ಷನ್ ಇದ್ದ ಷಾಸಿಯನ್ನು ಗುಜರಿಗೆ ಹಾಕಿ, ಆ ಎಂಜಿನನ್ನು ಹಿಂದಿನ ಚಕ್ರಗಳೆರಡನ್ನೂ ಒಂದೇ ದಂಡಕ್ಕೆ ಕಟ್ಟುವ ಲೈವ್ ಆಕ್ಸಲ್ ಇದ್ದ ಕಾರಿಗೆ ಕೂರಿಸಿದರು.