ಪರ್ಯಾಯ ಲೋಕದ ನಿಯಮ: ಸೂಪರ್‌ಹೀರೋ ಪಾತ್ರಾಭಿನಯದ ಆಟವನ್ನು ಕುರಿತು

ಮೇಜಿನ ಸುತ್ತ ಕುಳಿತ ನಾಲ್ಕಾರು ಮಂದಿ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಮಾತಿನಿಂದಲೂ ದಾಳಗಳಿಂದಲೂ ಕಥೆಯೊಂದನ್ನು ಮುಂದುವರಿಸುವ ಆಟವನ್ನು ಸಾಹಿತ್ಯವಿಮರ್ಶೆಯ ಪರಿಧಿಯೊಳಗೆ ತರಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ಅರ್ಥಧಾರಿಗಳು ಪ್ರಸಂಗದ ಪದ್ಯಗಳನ್ನು ಆಧರಿಸಿ ಆಶುವಾಗಿ ಮಾತು ಕಟ್ಟುವ ತಾಳಮದ್ದಳೆಯನ್ನು ಬಲ್ಲವರಿಗೆ ಈ ಪ್ರಶ್ನೆ ವಿಚಿತ್ರವೆನಿಸಲಾರದು. ವ್ಯತ್ಯಾಸವೆಂದರೆ, ಕರ್ಣಪರ್ವದ ಪ್ರಸಂಗದಲ್ಲಿ ಕರ್ಣನ ಮರಣ ಮೊದಲೇ ನಿಶ್ಚಿತ. ಈ ಆಟದಲ್ಲಿ ಅಂತ್ಯ ಯಾರಿಗೂ ತಿಳಿಯದು.

ಸೂಪರ್‌ಹೀರೋ ಆಟವನ್ನು ಯೋಜಿಸಿ ನಡೆಸುವ ಸೂತ್ರಧಾರನಿಗೆ ಪರ್ಯಾಯ ಲೋಕದ ಕಲ್ಪನೆ ಸುಲಭವಾಗಿ ಒದಗಿಬರುತ್ತದೆ. ಅಮೆರಿಕದ ಕಾಮಿಕ್ಸ್‌ನಲ್ಲಿ ಅದು ಹಳೆಯ ಸಾಮಗ್ರಿ: 1961ರಲ್ಲಿ ‘ದಿ ಫ್ಲ್ಯಾಶ್’ ಪತ್ರಿಕೆಯ 123ನೆಯ ಸಂಚಿಕೆಯಲ್ಲಿ ನಾಯಕನು ಇನ್ನೊಂದು ಭೂಮಿಗೆ ಹೋಗಿ, ತನ್ನದೇ ಬಿರುದನ್ನು ಹೊತ್ತ ಹಿರಿಯ ವೀರನನ್ನು ಕಾಣುತ್ತಾನೆ. ಆಟಕ್ಕೂ ಇದು ಅನುಕೂಲಕರವೇ. ಸೂಪರ್‌ಮ್ಯಾನನೇ ಕಾವಲಿರುವ ನಗರದಲ್ಲಿ ಆಟಗಾರರ ಹೊಸ ಪಾತ್ರಗಳಿಗೆ ಕೆಲಸವೇನು? ಅವನಿಲ್ಲದ, ಅಥವಾ ಅವನು ಬೇರೆಯೇ ಆಗಿರುವ ಲೋಕದಲ್ಲಿ ಅವರ ನಿರ್ಧಾರಗಳಿಗೆ ತೂಕ ಬರುತ್ತದೆ.

ಆದರೆ ಚರಿತ್ರೆಯನ್ನು ಬದಲಿಸಿದ ಮಾತ್ರಕ್ಕೆ ಲೋಕ ಬದಲಾಗುವುದಿಲ್ಲ. ಅದರ ನೀತಿ ಅಡಗಿರುವುದು ಆಟದ ನಿಯಮಗಳಲ್ಲಿ. ಜೆಫ್ ಗ್ರಬ್ ರೂಪಿಸಿ, 1984ರಲ್ಲಿ ಟಿಎಸ್ಆರ್ ಸಂಸ್ಥೆ ಪ್ರಕಟಿಸಿದ ‘ಮಾರ್ವೆಲ್ ಸೂಪರ್ ಹೀರೋಸ್’ ಆಟವನ್ನು ನೋಡಬಹುದು. ಅಲ್ಲಿ ಸತ್ಕಾರ್ಯಕ್ಕೆ ದೊರೆಯುವ ಅಂಕಗಳಿಗೆ ‘ಕರ್ಮ’ ಎಂದೇ ಹೆಸರು. ಅವನ್ನು ವೆಚ್ಚಮಾಡಿ ದಾಳದ ಫಲವನ್ನು ಉತ್ತಮಪಡಿಸಿಕೊಳ್ಳಬಹುದು; ಆದರೆ ಕೊಲೆಮಾಡಿದ ವೀರನು ಗಳಿಸಿದ ಕರ್ಮವೆಲ್ಲವನ್ನೂ ಕಳೆದುಕೊಳ್ಳುತ್ತಾನೆ. ಮಾರ್ವೆಲ್ ಕಥೆಗಳ ಧರ್ಮವನ್ನು ಉಪದೇಶವಿಲ್ಲದೆ ಆಟಗಾರರ ನಡತೆಗೆ ಇಳಿಸಿದ ಈ ನಿಯಮ ಮೆಚ್ಚತಕ್ಕದ್ದು.

ಇದನ್ನೇ ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ (1986–87) ಮಾದರಿಯ ಲೋಕಕ್ಕೆ ಒಯ್ದರೆ? ಆ ಕೃತಿಯಲ್ಲಿ ಅತಿಮಾನುಷ ಶಕ್ತಿಯುಳ್ಳ ಒಬ್ಬನೇ ವ್ಯಕ್ತಿಯ ಬಲದಿಂದ ಅಮೆರಿಕ ವಿಯೆಟ್ನಾಂ ಯುದ್ಧವನ್ನು ಗೆಲ್ಲುತ್ತದೆ. 1985ರಲ್ಲೂ ನಿಕ್ಸನ್ ಅವರೇ ಅಧ್ಯಕ್ಷರು. ಕೊನೆಗೆ, ಲಕ್ಷಾಂತರ ಜನರ ಹತ್ಯೆಯಿಂದ ಮಹಾಯುದ್ಧ ತಪ್ಪಿದರೆ ಅದು ಪಾಪವೋ ರಕ್ಷಣೆಯೋ ಎಂಬ ಸಂದಿಗ್ಧ ಎದುರಾಗುತ್ತದೆ. ಕರ್ಮದ ಲೆಕ್ಕ ಅದಕ್ಕೆ ಮೊದಲೇ ಉತ್ತರ ಹೇಳಿಬಿಡುವುದರಿಂದ ಆಟಗಾರನಿಗೆ ಯೋಚಿಸುವ ಹೊಣೆಯೇ ಉಳಿಯುವುದಿಲ್ಲ. ಲೋಕ ಹೊಸದು, ನ್ಯಾಯ ಮಾತ್ರ ಹಳೆಯದು.

ಕಥೆಯ ಜೊತೆಗೆ ನ್ಯಾಯವೂ ಬದಲಾಗಬೇಕೆಂಬ ವಿವೇಕ ನಮ್ಮ ಕಾವ್ಯಪರಂಪರೆಗೆ ಅಪರಿಚಿತವಲ್ಲ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇದು ಕೇವಲ ಘಟನೆಯ ಮಾರ್ಪಾಡಲ್ಲ. ಜೈನಧರ್ಮದ ಲೋಕದಲ್ಲಿ ಮೋಕ್ಷಗಾಮಿಯಾದ ರಾಮನಿಗೆ ವಧೆ ಸಲ್ಲದು. ಮೊದಲು ನಿಯಮ ಬದಲಾಯಿತು, ಅದರಿಂದ ಕಥೆ ಬದಲಾಯಿತು.

ಆದುದರಿಂದ ಆಟದ ಯೋಜಕನು ವೀರರ ಉಡುಪು, ಬಿರುದುಗಳನ್ನು ಪಟ್ಟಿಮಾಡುವ ಮುನ್ನ, ತನ್ನ ಲೋಕದಲ್ಲಿ ಯಾವ ಕಾರ್ಯಕ್ಕೆ ಯಾವ ಬೆಲೆ ತೆರಬೇಕು ಎಂಬುದನ್ನು ನಿರ್ಧರಿಸುವುದು ಯುಕ್ತ. ಅಂತ್ಯವನ್ನು ಮಾತ್ರ ಆಟಗಾರರಿಗೆ ಬಿಡಬೇಕು. ಅದನ್ನೂ ತಾನೇ ಬರೆದಿಟ್ಟರೆ ಅವನು ರಚಿಸಿದ್ದು ಕಾಮಿಕ್ಸ್ ಆದೀತು, ಆಟವಾಗದು.