ಜಾನ್, ಯಹ್ಯಾ, ಅರುಳಪ್ಪ: ಅಂಕಿತನಾಮದ ಭಾಷಾಂತರ ವಿಚಾರ

ಅಂಕಿತನಾಮವು ವ್ಯಕ್ತಿಯ ಗುರುತಿಗಾಗಿ ಇಟ್ಟ ಸಂಕೇತವೇ ಹೊರತು ಅರ್ಥಬೋಧೆಗಾಗಿ ಆಡಿದ ಶಬ್ದವಲ್ಲ. ಆದುದರಿಂದ ಭಾಷಾಂತರಕಾರನು ಅದರ ಉಚ್ಚಾರವನ್ನು ಉಳಿಸಿಕೊಳ್ಳಬೇಕಲ್ಲದೆ ಅರ್ಥವನ್ನು ತಿರುಗಿಸಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿತವಾಗಿರುವ ಮತ. ಈ ಮತವು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದೆಂಬುದನ್ನು ಪರೀಕ್ಷಿಸುವುದಕ್ಕೆ ಬೆಂಗಳೂರಿನ ದಂಡುಪ್ರದೇಶವು ತಕ್ಕ ಸ್ಥಳವಾಗಿದೆ. 1809ರಲ್ಲಿ ಇಂಗ್ಲಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ಕನ್ನಡದ ನೆಲದಲ್ಲಿ ತಮಿಳು, ಉರ್ದು, ಇಂಗ್ಲಿಷ್ ಮೊದಲಾದ ಭಾಷೆಗಳು ನೆರೆಹೊರೆಯಾಗಿ ಬೆಳೆದವು. ಶಿವಾಜಿನಗರದಿಂದ ಹಲಸೂರಿನವರೆಗಿನ ಬೀದಿಗಳಲ್ಲಿ ಜಾನ್, ಯಹ್ಯಾ, ಅರುಳಪ್ಪ ಎಂಬ ಮೂರು ಹೆಸರುಗಳೂ ಕೇಳಬರುವುವು. ಕಿವಿಗೆ ಇವುಗಳ ನಂಟು ತೋರದು. ಆದರೆ ಮೂರಕ್ಕೂ ಮೂಲಪುರುಷನು ಒಬ್ಬನೇ.

ಮೂಲವು ಹೀಬ್ರೂ ಭಾಷೆಯ ‘ಯೋಹಾನಾನ್’. ಇದು ಎರಡು ಪದಗಳ ಕೂಟ. ‘ಯೋ’ ಎಂಬುದು ‘ಯಾಹ್ವೆ’ ಎಂಬ ದೇವನಾಮದ ಸಂಕ್ಷೇಪ. ‘ಹಾನಾನ್’ ಎಂದರೆ ಕೃಪೆದೋರಿದನು ಎಂದರ್ಥ. ದೇವರು ಕೃಪೆದೋರಿದನೆಂಬುದು ಒಟ್ಟಿನ ತಾತ್ಪರ್ಯ. ಇವೇ ಎರಡು ಅಂಗಗಳು ಹಿಂದುಮುಂದಾಗಿ ಕೂಡಿದರೆ ಬೈಬಲ್ಲಿನಲ್ಲೇ ಬರುವ ‘ಹನನ್ಯ’ ಎಂಬ ಹೆಸರಾಗುವುದು. ನಮ್ಮ ಕಡೆಯ ಈಶ್ವರಪ್ರಸಾದ, ಶಿವಪ್ರಸಾದ ಎಂಬ ಹೆಸರುಗಳು ಅರ್ಥದಲ್ಲಿ ಇದಕ್ಕೆ ಸಮೀಪವಾದುವು.

ಈ ಹೆಸರು ಲೋಕವನ್ನು ಸುತ್ತಿದ ಮೊದಲನೆಯ ದಾರಿ ಉಚ್ಚಾರದ ದಾರಿ. ಗ್ರೀಕಿನಲ್ಲಿ ‘ಇಓಆನ್ನೆಸ್’ ಆಗಿ, ಲ್ಯಾಟಿನಿನಲ್ಲಿ ‘ಯೊಹಾನ್ನೆಸ್’ ಆಗಿ, ಅಲ್ಲಿಂದ ಇಟಲಿಯ ಜೊವಾನ್ನಿ, ಸ್ಪೇನಿನ ಹುವಾನ್, ಜರ್ಮನಿಯ ಹಾನ್ಸ್, ಇಂಗ್ಲೆಂಡಿನ ಜಾನ್ ಎಂದು ಕವಲೊಡೆಯಿತು. ರಷ್ಯದ ಇವಾನನೂ ಇದೇ ವಂಶದವನು. ಇಂಗ್ಲಿಷ್ ಬರವಣಿಗೆಯಲ್ಲಿ ಉಚ್ಚಾರವಿಲ್ಲದೆ ಉಳಿದಿರುವ ಹಕಾರವು ಹೀಬ್ರೂ ಮೂಲದ ಕಡೆಯ ಕುರುಹು. ಪೋರ್ತುಗೀಸರ ಮೂಲಕ ಕೊಂಕಣಿಗೆ ‘ಜುವಾಂವ್’ ಬಂದಿತು. ಸಿರಿಯಾಕ್ ಭಾಷೆಯ ಮೂಲಕ ಮಲಯಾಳಕ್ಕೆ ‘ಯೋಹನ್ನಾನ್’, ‘ಉಲಹನ್ನಾನ್’ ಎಂಬ ರೂಪಗಳು ಬಂದವು. ಕನ್ನಡ ವೈಯಾಕರಣರ ಪರಿಭಾಷೆಯನ್ನು ಇಲ್ಲಿಗೆ ಅನ್ವಯಿಸಿದರೆ ಇವೆಲ್ಲವೂ ತದ್ಭವಗಳು. ವೃಷಭನು ಬಸವನಾದಂತೆ ಯೋಹಾನಾನನು ಜಾನನಾದನು. ಕನ್ನಡ ಬೈಬಲ್ಲಿನ ‘ಯೋಹಾನ’ನಾದರೋ ತತ್ಸಮಕ್ಕೆ ಹತ್ತಿರದವನು.

ಅರಬ್ಬಿಯಲ್ಲಿ ಕ್ರೈಸ್ತರು ‘ಯೂಹನ್ನಾ’ ಎನ್ನುವರು. ಕುರಾನಿನ ರೂಪ ‘ಯಹ್ಯಾ’. ಇದು ಅರಬ್ಬಿಯ ‘ಬದುಕುತ್ತಾನೆ’ ಎಂಬ ಕ್ರಿಯಾಪದದೊಡನೆ ಒಂದೇ ಆಗಿ ಕೇಳುವುದರಿಂದ ಹೆಸರಿಗೆ ಆ ಅರ್ಥವನ್ನೇ ಹೇಳುವುದುಂಟು. ಉಚ್ಚಾರವು ಹೊಸ ಭಾಷೆಗೆ ಹೊಂದಿಕೊಂಡಾಗ ಹೊಸದೊಂದು ಅರ್ಥವೂ ಬಂದು ಸೇರಿತು.

ಇಲ್ಲಿ ಒಂದು ಸಂಗತಿಯನ್ನು ವಿಮರ್ಶಕನು ಮರೆಯಬಾರದು. ಲೂಕನ ಸುವಾರ್ತೆಯಲ್ಲಿ ಮಗುವಿಗೆ ಈ ಹೆಸರನ್ನಿಡುವಾಗ, ನಿಮ್ಮ ಬಂಧುಗಳಲ್ಲಿ ಈ ಹೆಸರಿನವರು ಯಾರೂ ಇಲ್ಲವಲ್ಲ ಎಂದು ನೆರೆದವರು ಆಕ್ಷೇಪಿಸುವರು. ತಂದೆಯಾದ ಜಕರೀಯನು ಹಲಗೆಯ ಮೇಲೆ ಬರೆದು ಹೆಸರನ್ನು ಸ್ಥಿರಪಡಿಸುವನು. ಕುರಾನಿನ ‘ಮರ್ಯಮ್’ ಅಧ್ಯಾಯವೂ ಹಿಂದೆ ಯಾರಿಗೂ ಕೊಡದಿದ್ದ ಹೆಸರೆಂದೇ ಇದನ್ನು ವರ್ಣಿಸುವುದು. ವಂಶದ ರೂಢಿಯಿಂದ ಬಾರದೆ ದೇವರಿಂದಲೇ ಬಂದ ಹೆಸರು ಇದು. ಮುಪ್ಪಿನಲ್ಲಿ ಮಗುವನ್ನು ಪಡೆದ ತಂದೆತಾಯಿಗಳ ಕಥೆಯಲ್ಲಿ ‘ಕೃಪೆದೋರಿದನು’ ಎಂಬ ಅರ್ಥವು ಕಥೆಯ ಸಾರವೇ ಆಗಿದೆ. ಅಂಕಿತನಾಮಕ್ಕೆ ಅರ್ಥವು ಗೌಣವೆಂಬ ಮತವು ಇಲ್ಲಿ ಮುರಿದುಬೀಳುವುದು.

ತಮಿಳುನಾಡಿಗೆ ಬಂದ ಕ್ಯಾಥೊಲಿಕ್ ಮಿಶನರಿಗಳು ಈ ಮರ್ಮವನ್ನು ಅರಿತವರು. 1693ರಲ್ಲಿ ಓರಿಯೂರಿನಲ್ಲಿ ಹತನಾದ ಜಾನ್ ದೆ ಬ್ರಿಟ್ಟೊ ತನ್ನ ಹೆಸರನ್ನು ‘ಅರುಳಾನಂದರ್’ ಎಂದು ಮಾಡಿಕೊಂಡನು. ತಮಿಳಿನ ‘ಅರುಳ್’ ಎಂದರೆ ಕೃಪೆ. ಸುವಾರ್ತೆಯ ಯೋಹಾನನು ‘ಅರುಳಪ್ಪರ್’ ಆದನು. ಇದೇ ಕ್ರಮದಲ್ಲಿ, ಲ್ಯಾಟಿನಿನಲ್ಲಿ ‘ಚಿಕ್ಕವನು’ ಎಂಬರ್ಥದ ಪೌಲನು ‘ಚಿನ್ನಪ್ಪರ್’ ಆದನು. ವೀರಮಾಮುನಿವರೆಂದು ಖ್ಯಾತನಾದ ಬೆಸ್ಕಿಯು 1726ರ ‘ತೇಂಬಾವಣಿ’ ಕಾವ್ಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆಹೋಗಿ ಸ್ನಾನಿಕ ಯೋಹಾನನನ್ನು ‘ಕರುಣೈಯನ್’ ಎಂದೂ ಯೋಸೇಫನನ್ನು ‘ವಳನ್’ ಎಂದೂ ಕರೆದನು. ಯೋಸೇಫನೆಂದರೆ ವೃದ್ಧಿ, ವಳನ್ ಎಂದರೆ ಸಮೃದ್ಧಿ. ಪರದೇಶದ ಹೆಸರುಗಳು ಹೀಗೆ ತಮಿಳಿನ ಛಂದಸ್ಸಿನೊಳಗೆ ತೊಡಕಿಲ್ಲದೆ ನಿಂತುವು. ಓದುಗನಿಗೆ ಅರ್ಥವೂ ದೊರೆಯಿತು. ನಷ್ಟವೂ ಇಲ್ಲದಿಲ್ಲ: ಕರುಣೈಯನ್ನನೇ ಜಾನನೆಂದು ವ್ಯಾಖ್ಯಾನವಿಲ್ಲದೆ ತಿಳಿಯದು. 1995ರ ‘ತಿರುವಿವಿಲಿಯಂ’ ಎಂಬ ತಮಿಳು ಬೈಬಲ್ ‘ಅರುಳಪ್ಪರ್’ ಎಂಬುದನ್ನು ಬಿಟ್ಟು ‘ಯೋವಾನ್’ ಎಂಬುದನ್ನು ಹಿಡಿದದ್ದು ಗಮನಾರ್ಹ.

ಕನ್ನಡದಲ್ಲಿ ಈ ಹೆಸರಿನ ಗತಿ ವಿಚಿತ್ರವಾದುದು. ಬೆಂಗಳೂರು ಸೀಮೆಯ ಕನ್ನಡ ಕ್ಯಾಥೊಲಿಕರಲ್ಲಿ ಇನ್ನಾಸಪ್ಪ, ಚೌರಪ್ಪ, ಅಂತೋಣಪ್ಪ ಎಂಬ ಹೆಸರುಗಳೊಡನೆ ಅರುಳಪ್ಪನೂ ಇದ್ದಾನೆ. ಇಗ್ನೇಷಿಯಸ್, ಕ್ಸೇವಿಯರ್, ಆಂತೋನಿ ಎಂಬ ಉಚ್ಚಾರಗಳಿಗೆ ‘ಅಪ್ಪ’ ಸೇರಿ ಮೊದಲಿನ ಮೂರು ಆದುವು. ಅರುಳಪ್ಪನಾದರೋ ಅರ್ಥದಿಂದ ಹುಟ್ಟಿದವನು. ಆದರೆ ಇಂದಿನ ಕನ್ನಡಕ್ಕೆ ‘ಅರುಳ್’ ಎಂಬುದು ಕೃಪೆಯೆಂಬರ್ಥದಲ್ಲಿ ಪರಿಚಿತವಲ್ಲ. ಕನ್ನಡಿಗನ ಕಿವಿಗೆ ಅದು ಅರಳಿದ ಹೂವನ್ನೋ, ಅರವತ್ತರ ಅರುಳುಮರುಳನ್ನೋ ನೆನಪಿಗೆ ತಂದೀತು. ತಮಿಳಿನಲ್ಲಿ ಭಾಷಾಂತರವಾದ ಹೆಸರು ಕನ್ನಡದ ಗಡಿ ದಾಟಿದೊಡನೆ ಮತ್ತೆ ಬರಿಯ ಉಚ್ಚಾರವಾಯಿತು. ಅರ್ಥವನ್ನು ಉಳಿಸುವುದೇ ಗುರಿಯಾಗಿದ್ದರೆ ಬೆಸ್ಕಿಯ ‘ಕರುಣೈಯನ್’ ಕನ್ನಡಕ್ಕೆ ಹೆಚ್ಚು ಒಗ್ಗುತ್ತಿದ್ದಿತು, ಏಕೆಂದರೆ ಕರುಣೆಯು ಎರಡು ಭಾಷೆಗಳಿಗೂ ಸಮಾನವಾದ ಸೊತ್ತು.

ಇದರಿಂದ ಎರಡು ಮಾತುಗಳು ಸಿದ್ಧವಾಗುವುವು. ಮೊದಲನೆಯದು, ಹೆಸರನ್ನು ಕಂಡು ಕುಲಮತಗಳನ್ನು ನಿರ್ಣಯಿಸುವುದು ಅಪಾಯಕರ. ಚಿನ್ನಪ್ಪನೆಂಬುವನು ಪೌಲನ ಹೆಸರಿನವನೂ ಆಗಿರಬಹುದು, ಪೌಲನ ಸುದ್ದಿಯನ್ನೇ ಕೇಳದ ಕೊಡಗಿನ ಮನೆತನದವನೂ ಆಗಿರಬಹುದು. ದಾಖಲೆಗಳಿಂದ ಚರಿತ್ರೆಯನ್ನು ಬರೆಯುವವರು ಹೆಸರಿನ ರೂಪವನ್ನಷ್ಟೇ ನೋಡದೆ ಅದು ಬಂದ ದಾರಿಯನ್ನೂ ಹುಡುಕಬೇಕು. ಎರಡನೆಯದು, ಭಾಷಾಂತರದಲ್ಲಿ ಹೆಸರನ್ನು ತಿರುಗಿಸಬೇಕೆ ಬಾರದೆ ಎಂಬ ಪ್ರಶ್ನೆಗೆ ಒಂದೇ ಸೂತ್ರವಿಲ್ಲ. ಹೆಸರು ಗುರುತಿಗಾಗಿ ಮಾತ್ರ ನಿಂತಿರುವಲ್ಲಿ ಉಚ್ಚಾರವೇ ಸಾಕು. ಕಥೆಯೇ ಹೆಸರಿನ ಅರ್ಥವನ್ನು ಆಶ್ರಯಿಸಿರುವಲ್ಲಿ ಅರ್ಥವನ್ನು ಬಿಟ್ಟವನು ಕಥೆಯ ಒಂದು ಭಾಗವನ್ನೇ ಬಿಟ್ಟಂತಾಗುವುದು.